ರಸೆಲ್ ವಿಲ್ಸನ್ ಬೆಂಚಿಗೆ: ಅವತ್ತು ಬೂ ಎಂದು ಕೂಗಿದವರಲ್ಲಿ ನಾನೂ ಒಬ್ಬ

ರೆಡ್ಮಂಡ್ ರಾಯರು

2025ರ ಸೆಪ್ಟೆಂಬರ್ 21, ಭಾನುವಾರ ರಾತ್ರಿ ನಡೆದ ಅಮೆರಿಕನ್ ಫುಟ್‌ಬಾಲ್‌ನ ಜೈಂಟ್ಸ್–ಚೀಫ್ಸ್ ಮ್ಯಾಚ್ ಯಾರ್ಯಾರು ನೋಡಿದಿರಿ? ನಾನು ಕೊನೆವರೆಗೂ ಕೂತು ನೋಡಿದೆ. ನ್ಯೂಯಾರ್ಕ್ ಜೈಂಟ್ಸ್‌ಗೆ 22–9ರ ಸೋಲು. ಅವರ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ರಸೆಲ್ ವಿಲ್ಸನ್ ಎರಡು ಇಂಟರ್‌ಸೆಪ್ಷನ್ ಎಸೆದ, ಅಂದರೆ ಎರಡು ಪಾಸ್ ಎದುರಾಳಿ ಕೈಗೆ ಹೋದವು. ಜನ ಹೊಸ ಹುಡುಗ ಜ್ಯಾಕ್ಸನ್ ಡಾರ್ಟ್ ಬೇಕು ಅಂತ ಕೂಗುತ್ತಿದ್ದರು. ಇವತ್ತು ಸುದ್ದಿ ಬಂತು, ಮುಂದಿನ ವಾರ ಡಾರ್ಟ್ ಸ್ಟಾರ್ಟರ್, ವಿಲ್ಸನ್ ಬೆಂಚು. ಮೂರು ಮ್ಯಾಚ್ ಆಡಿಸಿದರು, ಮೂರೂ ಸೋಲು.

ನನ್ನ ಹೊಟ್ಟೆ ಕಿವುಚಿದ್ದು ಸೋಲು ನೋಡಿ ಅಲ್ಲ, ಜಾಗ ನೋಡಿ. ಅದು ಮೆಟ್‌ಲೈಫ್ ಸ್ಟೇಡಿಯಂ. 2014ರ ಫೆಬ್ರವರಿ 2ರಂದು ಅವನು ನಮ್ಮ ಸಿಯಾಟಲ್‌ಗೆ ಸೂಪರ್ ಬೌಲ್ (ಲೀಗಿನ ಫೈನಲ್) ಗೆದ್ದುಕೊಟ್ಟದ್ದು ಅದೇ ಮೈದಾನದಲ್ಲಿ. 43–8. ಮೂರು ದಿನ ಬಿಟ್ಟು 4ನೇ ಅವೆನ್ಯೂದಲ್ಲಿ ಮೆರವಣಿಗೆ. ಏಳು ಲಕ್ಷ ಜನ ಬಂದಿದ್ದರು ಅಂದರು. ಅವತ್ತಿನ ಚಳಿ ನೆನಪಿದೆಯಾ? ಮಗನಿಗೆ ಆಗ ನಾಲ್ಕು ವರ್ಷ. ಗ್ಲೌಸ್ ಎಲ್ಲೋ ಬಿದ್ದುಹೋಗಿತ್ತು. ನನ್ನ ಸಾಕ್ಸ್ ಬಿಚ್ಚಿ ಅವನ ಎರಡೂ ಕೈಗೆ ಹಾಕಿ ಹೆಗಲ ಮೇಲೆ ಕೂರಿಸಿಕೊಂಡೆ. ಮೊಣಕಾಲವರೆಗೆ ಬರುವ, ವಿಲ್ಸನ್‌ನ 3ನೇ ನಂಬರಿನ ಜರ್ಸಿ ಹಾಕಿದ್ದ. ಮನೆಗೆ ಬಂದಮೇಲೂ ಬಿಚ್ಚಲಿಲ್ಲ.

2022ರ ಸೆಪ್ಟೆಂಬರ್ 12ಕ್ಕೆ ನಾವಿಬ್ಬರೂ ಲೂಮೆನ್ ಫೀಲ್ಡಿಗೆ ಹೋಗಿದ್ದೆವು. ವಿಲ್ಸನ್ ನಮ್ಮನ್ನು ಬಿಟ್ಟು ಹೋಗಿ ಡೆನ್ವರ್ ಜರ್ಸಿಯಲ್ಲಿ ಮೊದಲ ಸಲ ಬಂದ ರಾತ್ರಿ. ಅವನು ಹೊರಗೆ ಬಂದ ಕ್ಷಣದಿಂದ ಇಡೀ ಸ್ಟೇಡಿಯಂ ಬೂ ಎಂದಿತು. ನಾನೂ ಗಂಟಲು ಹರಿಯುವಷ್ಟು ಕೂಗಿದೆ. ಮಗ ಕೂಗಲಿಲ್ಲ. ನನ್ನ ತೋಳು ಹಿಡಿದು ಕೆಳಗೆ ಎಳೆದ. ನಾನು ಕೂರಲಿಲ್ಲ.

ಭಾನುವಾರ ರಾತ್ರಿ ಅದೇ ನೆನಪಾಯಿತು. ಹತ್ತು ವರ್ಷ ನಮಗೆ ಆಡಿದವನನ್ನು ನಾವು ಸರಿಯಾಗಿ ಅಳೆದಿದ್ದೇವಾ? ಗೆದ್ದದ್ದೆಲ್ಲ ಡಿಫೆನ್ಸ್, ಇವನು ಜೊತೆಗಿದ್ದ ಅಷ್ಟೇ ಅಂತ ಕೆಲವರು. ಕೆಟ್ಟ ಲೈನ್ (ಅವನನ್ನು ಕಾಯಲು ಮುಂದೆ ನಿಲ್ಲುವವರು) ಇಟ್ಟುಕೊಂಡು ಒಬ್ಬನೇ ಎಳೆದ ಅಂತ ಇನ್ನು ಕೆಲವರು. ನೀವೇನಂತೀರಿ?

ಹನ್ನೆರಡನೆಯವಳು

ರಾಯರೇ, ನಾನು ಎರಡನೇ ಪಾರ್ಟಿ. 2017ರ ಸೀಸನ್ ತೆಗೆದುಕೊಳ್ಳಿ. ನಮ್ಮ ಆಫೆನ್ಸ್ ಹೊಡೆದದ್ದು, ಅಂದರೆ ಚೆಂಡನ್ನು ಕೊನೆಯ ಗೆರೆ ದಾಟಿಸಿದ್ದು, 38 ಟಚ್‌ಡೌನ್. ಅದರಲ್ಲಿ 37 ವಿಲ್ಸನ್ ಎಸೆದದ್ದು ಅಥವಾ ಓಡಿದ್ದು. ಟೀಮಿನಲ್ಲಿ ಅತಿ ಹೆಚ್ಚು ಯಾರ್ಡ್ ಓಡಿದವನೂ ಅವನೇ, 586. ಕ್ವಾರ್ಟರ್‌ಬ್ಯಾಕೇ ಟೀಮಿನ ದೊಡ್ಡ ಓಟಗಾರ ಅಂದರೆ ಉಳಿದವರು ಏನು ಮಾಡುತ್ತಿದ್ದರು? ಇಷ್ಟಾದರೂ ಇಡೀ ಕರಿಯರ್‌ನಲ್ಲಿ ಅವನಿಗೆ ಒಂದೇ ಒಂದು ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ) ಓಟು ಬಿದ್ದಿಲ್ಲ. ಒಂದೂ ಇಲ್ಲ! ನನಗೆ ಇವತ್ತಿಗೂ ಅದು ಉರಿಯುತ್ತದೆ.

ದಾವಣಗೆರೆ ಟು ಡೆನ್ವರ್

ನಿಮಗೆಲ್ಲ ಅವನ ಮೇಲೆ ಕರುಣೆ ಬರುತ್ತದೆ, ಯಾಕಂದರೆ ಬಿಲ್ ಕಟ್ಟಿದ್ದು ನಾವು.

ಎರಡು ಮೊದಲ ಸುತ್ತಿನ ಪಿಕ್ (ಹೊಸ ಆಟಗಾರರನ್ನು ಆರಿಸುವ ಸರದಿ), ಎರಡು ಎರಡನೇ ಸುತ್ತಿನ ಪಿಕ್, ಒಂದು ಐದನೇ ಸುತ್ತಿನದು, ಮೇಲೆ ಮೂವರು ಆಟಗಾರರು. ಇಷ್ಟು ಕೊಟ್ಟು ಕರೆದುಕೊಂಡು ಬಂದೆವು. ನಮಗೆ ಒಂದು ಮ್ಯಾಚ್ ಆಡುವ ಮುಂಚೆಯೇ ಐದು ವರ್ಷಕ್ಕೆ 245 ಮಿಲಿಯನ್ ಡಾಲರಿನ ಹೊಸ ಒಪ್ಪಂದ. ಸಿಕ್ಕಿದ್ದೇನು? 2022ರಲ್ಲಿ 5 ಗೆಲುವು, 12 ಸೋಲು. ಇಡೀ ಸೀಸನ್‌ಗೆ 16 ಟಚ್‌ಡೌನ್ ಪಾಸ್. 55 ಸಲ ಸ್ಯಾಕ್ ಆದ. ಕ್ರಿಸ್‌ಮಸ್ ದಿನ ರ‍್ಯಾಮ್ಸ್ ನಮಗೆ 51–14 ಹೊಡೆದರು. ಮನೆ ತುಂಬ ನೆಂಟರು. ಮಕ್ಕಳ ಉಡುಗೊರೆಯ ಪೇಪರು ಇನ್ನೂ ನೆಲದ ಮೇಲೆ ಬಿದ್ದಿತ್ತು. ನಾನು ಟೀವಿ ಆರಿಸಿ ಪಾತ್ರೆ ತೊಳೆಯಲು ಹೋದೆ.

ಕೊನೆಗೆ ಅವನನ್ನು ಕಳಿಸುವುದಕ್ಕೇ 85 ಮಿಲಿಯನ್ ಸ್ಯಾಲರಿ ಕ್ಯಾಪ್ (ತಂಡದ ಸಂಬಳಕ್ಕೆ ಇರುವ ಮಿತಿ) ಲೆಕ್ಕದಲ್ಲಿ ಹೋಯಿತು. ಆಡದೆ ಇರುವವನಿಗೆ 85 ಮಿಲಿಯನ್! ನೀವು ಆ ಪಿಕ್‌ಗಳಲ್ಲಿ ಚಾರ್ಲ್ಸ್ ಕ್ರಾಸ್, ಬೋಯ್ ಮಾಫೆ, ಡೆವನ್ ವಿದರ್‌ಸ್ಪೂನ್, ಡೆರಿಕ್ ಹಾಲ್ ಎಲ್ಲರನ್ನೂ ತೆಗೆದುಕೊಂಡಿರಿ. ನಾಲ್ವರೂ 2025ರಲ್ಲೂ ನಿಮಗೇ ಆಡಿದರು. ಆಮೇಲೆ ಇಲ್ಲಿ ಕೂತು ಪಾಪ ಪಾಪ ಅನ್ನುತ್ತೀರಿ.

ಹನ್ನೆರಡನೆಯವಳು

ಅಣ್ಣ, ಒಪ್ಪಂದ ಬರೆದವರು ನಿಮ್ಮ ಮ್ಯಾನೇಜ್‌ಮೆಂಟ್. ಅವನು ಬಂದೂಕು ಹಿಡಿದು ಸಹಿ ಹಾಕಿಸಿದನಾ? ರಾಯರು ಬೂ ಎಂದ ಆ ಮೊದಲ ಮ್ಯಾಚೇ ನೋಡಿ. 17–16 ನಾವು ಗೆದ್ದೆವು. ಕೊನೆಯಲ್ಲಿ 4ನೇ ಡೌನ್, ಅಂದರೆ ಕೊನೆಯ ಅವಕಾಶ, ಬೇಕಿದ್ದದ್ದು 5 ಯಾರ್ಡ್. 245 ಮಿಲಿಯನ್ ಕೊಟ್ಟ ಕ್ವಾರ್ಟರ್‌ಬ್ಯಾಕ್ ಕೈಯಲ್ಲಿ ಚೆಂಡು ಕೊಡುವುದು ಬಿಟ್ಟು ನಿಮ್ಮ ಕೋಚ್ 64 ಯಾರ್ಡ್ ದೂರದಿಂದ ಕಾಲಲ್ಲಿ ಒದೆಸಿ ಫೀಲ್ಡ್ ಗೋಲ್ ಹೊಡೆಸಿದರು. ಹೋಗಲಿಲ್ಲ. ಅದಕ್ಕೆ ವಿಲ್ಸನ್ ಏನು ಮಾಡಬೇಕು?

ದಾವಣಗೆರೆ ಟು ಡೆನ್ವರ್

ಆ ಕೋಚ್ ಹ್ಯಾಕೆಟ್ ಬಗ್ಗೆ ನನ್ನ ಬಾಯಿ ತೆರೆಸಬೇಡಿ ಅಕ್ಕ. ಆ ಮನುಷ್ಯನನ್ನು ಸೀಸನ್ ಮುಗಿಯುವ ಮುಂಚೆಯೇ ಮನೆಗೆ ಕಳಿಸಿದರು. ಆದರೆ ಮರುವರ್ಷ ಶಾನ್ ಪೇಟನ್ ಬಂದರಲ್ಲ? ಅವರು ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್ ಜೊತೆ ಸೂಪರ್ ಬೌಲ್ ಗೆದ್ದವರು. ಅವರಿಗೂ ಇವನ ಜೊತೆ ಏಗಲು ಆಗಲಿಲ್ಲ. ಎರಡು ಮ್ಯಾಚ್ ಬಾಕಿ ಇರುವಾಗ ಕೂರಿಸಿಬಿಟ್ಟರು.

8ನೇ ಕ್ರಾಸ್ ಹುಡುಗ

ಬೆಂಗಳೂರಿಂದ ಬರೆಯುತ್ತಿದ್ದೇನೆ. ಎರಡು ವರ್ಷದಿಂದ ಸೋಮವಾರ ಬೆಳಗ್ಗೆ ಆಫೀಸಿಗೆ ಹೋಗುವ ಮುಂಚೆ ಈ ಮ್ಯಾಚ್‌ಗಳನ್ನು ನೋಡುವ ಚಟ ಹತ್ತಿದೆ. ಒಂದು ಅನುಮಾನ. ಸ್ಯಾಕ್ ಆದರೆ ಎಲ್ಲರೂ ಲೈನ್‌ಗೆ ಬೈಯುತ್ತಾರೆ. ಕ್ವಾರ್ಟರ್‌ಬ್ಯಾಕ್ ತಪ್ಪೂ ಇರಬಹುದಾ?

ಚೆಂಡು ಲೆಕ್ಕ

ಒಳ್ಳೆಯ ಪ್ರಶ್ನೆ ತಮ್ಮಾ. ಈ ಚರ್ಚೆಯ ಗಂಟು ಇರುವುದೇ ಅಲ್ಲಿ.

ಸ್ಯಾಕ್ ಅಂದರೆ ಚೆಂಡು ಎಸೆಯುವ ಮುಂಚೆ ಕ್ವಾರ್ಟರ್‌ಬ್ಯಾಕನ್ನು ಹಿಡಿದು ಕೆಡವುವುದು. ಲೈನ್ ಸೋತರೂ ಆಗುತ್ತದೆ, ಅವನು ಚೆಂಡು ಜಾಸ್ತಿ ಹೊತ್ತು ಹಿಡಿದುಕೊಂಡರೂ ಆಗುತ್ತದೆ. ವಿಲ್ಸನ್ 2013ರಿಂದ 2020ರವರೆಗೆ ಪ್ರತಿ ವರ್ಷ 40ಕ್ಕಿಂತ ಜಾಸ್ತಿ ಸ್ಯಾಕ್ ತಿಂದ. ಎಂಟು ವರ್ಷ! ನಮ್ಮ ಲೈನ್ ಕೆಟ್ಟದಾಗಿತ್ತು ಅನ್ನುವುದು ನಿಜ. 2015ರಲ್ಲಿ ಜಿಮ್ಮಿ ಗ್ರಹಾಂ ಆಸೆಗೆ ಲೈನಿನ ನಡುವೆ ನಿಲ್ಲುವ ಸೆಂಟರ್ ಮ್ಯಾಕ್ಸ್ ಉಂಗರ್‌ನನ್ನೇ ಕೊಟ್ಟುಬಿಟ್ಟರು. ನಡುಗಂಬ ಕಿತ್ತು ಜಗಲಿಗೆ ಅಲಂಕಾರ ಮಾಡಿದ ಹಾಗೆ.

ಆದರೆ ಅವನ ಆಟವೇ ಚೆಂಡು ಹಿಡಿದು ಕಾಯುವ ಆಟ. ಲೈನ್ ಕಟ್ಟಿದ ಪಾಕೆಟ್ ಬಿಟ್ಟು ಓಡಬೇಕು, ಸುತ್ತಬೇಕು, ಡಿಫೆನ್ಸ್ ಚೆದುರಬೇಕು, ಆಮೇಲೆ ಆಕಾಶಕ್ಕೆ ಎತ್ತಿ ದೂರಕ್ಕೆ ಎಸೆಯಬೇಕು. ಅವನ ಎತ್ತರ 5 ಅಡಿ 11 ಇಂಚು. ಎದುರು ನಿಂತವರೆಲ್ಲ ಆರೂಕಾಲು ಅಡಿ. ಮೈದಾನದ ನಡುವೆ ಸಣ್ಣ ಸಣ್ಣ ಪಾಸ್ ಎಸೆಯುವುದು ಅವನಿಗೆ ಮೊದಲಿಂದಲೂ ಒಗ್ಗಲಿಲ್ಲ. 2014ರಲ್ಲಿ ಅವನು ಓಡಿದ್ದು 849 ಯಾರ್ಡ್. ಡೆನ್ವರ್‌ನ ಮೊದಲ ವರ್ಷ 277. ಕಾಲು ನಿಧಾನ ಆದಾಗ ಆ ಕಾಯುವ ಹೊತ್ತು ಉಳಿಯಲಿಲ್ಲ. ಕಾಯುವ ಅಭ್ಯಾಸ ಮಾತ್ರ ಉಳಿಯಿತು.

ಹಾಗಾಗಿ ನನ್ನ ಲೆಕ್ಕದಲ್ಲಿ ಇವನ ಬೆನ್ನಿಗೆ ಲೈನೂ ಇರಲಿಲ್ಲ, ವಯಸ್ಸಾದಮೇಲೆ ಆಟ ಬದಲಿಸಿಕೊಳ್ಳಲು ಇವನಿಗೂ ಆಗಲಿಲ್ಲ. ಎರಡೂ ಸತ್ಯ.

8ನೇ ಕ್ರಾಸ್ ಹುಡುಗ

ಈಗ ಅರ್ಥ ಆಯಿತು ಸರ್, ಥ್ಯಾಂಕ್ಸ್. ಅಂದರೆ ನಮ್ಮ ಕರುಣ್ ನಾಯರ್ ಥರವಾ? ಒಂದು 303, ಆಮೇಲೆ ಅವಕಾಶಗಳು ಕೈಜಾರಿದವು.

ಹುಬ್ಬಳ್ಳಿ ಮಂದಿ

ಇಲ್ಲ ರೀ, ಹೋಲಿಕೆ ಸರಿ ಇಲ್ಲ. ಕರುಣ್ ನಾಯರ್ ಚೆನ್ನೈನಲ್ಲಿ ತ್ರಿಶತಕ ಹೊಡೆದದ್ದು 2016ರಲ್ಲಿ. 2017ರ ನಂತರ ಮತ್ತೆ ಟೆಸ್ಟ್ ಆಡಲು ಎಂಟು ವರ್ಷ ಕಾಯಬೇಕಾಯಿತು. ಅವನಿಗೆ ಹೆಚ್ಚು ಅವಕಾಶವೇ ಸಿಗಲಿಲ್ಲ. ವಿಲ್ಸನ್‌ಗೆ ಅವಕಾಶಕ್ಕೆ ಏನೂ ಕೊರತೆ ಆಗಿಲ್ಲ. ಸಿಯಾಟಲ್, ಡೆನ್ವರ್, ಪಿಟ್ಸ್‌ಬರ್ಗ್, ನ್ಯೂಯಾರ್ಕ್. ನಾಲ್ಕು ಊರಿನವರು ಕೈಹಿಡಿದಿದ್ದಾರೆ.

8ನೇ ಕ್ರಾಸ್ ಹುಡುಗ

ಸರಿ, ಒಪ್ಪಿದೆ. ಆದರೂ ಆರ್‌ಸಿಬಿ ಅಭಿಮಾನಿಯಾಗಿ ಒಂದು ಮಾತು. 18 ವರ್ಷ ಕಾದು ಈ ಜೂನ್ 3ಕ್ಕೆ ಕಪ್ ನೋಡಿದೆವು. ಒಂದು ಕಪ್ ತಂದುಕೊಟ್ಟವರನ್ನು ನಾನಂತೂ ಸಾಯುವವರೆಗೂ ಬೈಯಲಾರೆ.

ಹುಬ್ಬಳ್ಳಿ ಮಂದಿ

ಅದು ನೂರಕ್ಕೆ ನೂರು ನಿಜ. ಮರುದಿನ ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಹೋದರಲ್ಲ, ಅದನ್ನು ನೆನೆದರೆ ಕಪ್ಪಿನ ಖುಷಿಯೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ರಾಯರು ಏಳು ಲಕ್ಷ ಜನರ ನಡುವೆ ಮಗುವನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಮನೆಗೆ ವಾಪಸ್ ಬಂದೆ ಅಂತ ಬರೆದಿದ್ದು ಓದುವಾಗ ನನಗೆ ಅದೇ ನೆನಪಾಯಿತು.

ರೆಡ್ಮಂಡ್ ರಾಯರು

ಹೌದು ರೀ. ಜೂನ್ 4ಕ್ಕೆ ರಾತ್ರಿಯೆಲ್ಲ ಫೋನ್ ಹಿಡಿದು ಕೂತಿದ್ದೆ. ತಮ್ಮನ ಮಗಳು ಎಂ.ಜಿ. ರೋಡಿನ ಕಡೆ ಹೋಗಿದ್ದಳು. ಸಿಕ್ಕಳು, ಆದರೆ ಆ ಎರಡು ಗಂಟೆ ಯಾರಿಗೂ ಬೇಡ.

ಪುತ್ತೂರಿನವ, ಪಿಟ್ಸ್‌ಬರ್ಗ್

ನಮ್ಮ ಊರಿನ ವರದಿ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ ಮಾರಾಯ್ರೆ. ಕಳೆದ ವರ್ಷ ನಾವು ಅವನಿಗೆ ಕೊಟ್ಟದ್ದು ಬರೀ 1.21 ಮಿಲಿಯನ್. ಉಳಿದದ್ದನ್ನು ಡೆನ್ವರ್‌ನವರೇ ಕೊಟ್ಟರು, ಅದಕ್ಕೆ ಅವರಿಗೆ ನಮಸ್ಕಾರ. ಶುರುವಿನಲ್ಲಿ ಏನು ಆಡಿದ ಅಂತೀರಿ! ಮೊದಲ ಏಳರಲ್ಲಿ ಆರು ಗೆಲುವು. ಸಿನ್ಸಿನಾಟಿ ಮೇಲೆ 414 ಯಾರ್ಡ್ ಎಸೆದ, 44–38 ಗೆದ್ದೆವು. ಅವತ್ತು ಬೆಳಗ್ಗೆ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿ ಪುಳಿಯೋಗರೆ ಕಟ್ಟಿಸಿಕೊಂಡು ಬಂದಿದ್ದೆ. ಮುಂದಿನ ವಾರವೂ ಅದನ್ನೇ ತಂದೆ. ಆಗಲೂ ಗೆಲುವು.

ಆಮೇಲೆ ಡಿಸೆಂಬರ್. ಕೊನೆಯ ನಾಲ್ಕೂ ಸೋಲು. ಪ್ಲೇಆಫ್‌ನಲ್ಲಿ ಬಾಲ್ಟಿಮೋರ್ ಮೇಲೆ 28–14 ಸೋಲು. ಐದು ಮ್ಯಾಚಲ್ಲಿ ಒಂದರಲ್ಲೂ 17 ಅಂಕ ದಾಟಲಿಲ್ಲ. ಎದುರಾಳಿಗಳಿಗೆ ಗೊತ್ತಾಗಿಬಿಟ್ಟಿತ್ತು, ಆ ದೂರದ ಎಸೆತ ಒಂದನ್ನು ತಡೆದರೆ ಇವನ ಹತ್ತಿರ ಬೇರೆ ಇಲ್ಲ ಅಂತ. ಚೆಂಡು ಲೆಕ್ಕ ಹೇಳಿದ್ದನ್ನೇ ನಾನು ಕಣ್ಣಾರೆ ಕಂಡೆ.

ಜರ್ಸಿ ಸಿಟಿ ಗೌಡ

ಇಲ್ಲೂ ಅದೇ ಕಥೆ. ಎರಡನೇ ವಾರ ಡಲ್ಲಾಸ್‌ನಲ್ಲಿ 450 ಯಾರ್ಡ್, 3 ಟಚ್‌ಡೌನ್. ಮನೆಯಲ್ಲಿ ನಾನು ಕುಣಿದುಬಿಟ್ಟೆ. ಓವರ್‌ಟೈಮಲ್ಲಿ ಒಂದು ಇಂಟರ್‌ಸೆಪ್ಷನ್, 40–37 ಸೋಲು. ಮರುವಾರ ಚೀಫ್ಸ್ ಮೇಲೆ 160 ಯಾರ್ಡ್.

ಭಾನುವಾರ ನಾನು ಸ್ಟೇಡಿಯಂನಲ್ಲೇ ಇದ್ದೆ. ಡಾರ್ಟ್ ಬೇಕು ಅಂತ ಕೂಗಿದವರಲ್ಲಿ ನಾನೂ ಇದ್ದೆ, ಅದರಲ್ಲಿ ಮುಚ್ಚಿಡುವುದೇನಿಲ್ಲ. ಮೊದಲ ಸುತ್ತಿನಲ್ಲಿ 25ನೇ ಪಿಕ್ ಕೊಟ್ಟು ತಂದ ಹುಡುಗ ಬೆಂಚಲ್ಲಿ ಕೂತಿದ್ದಾನೆ. ನಮಗೆ ನಾಳೆ ಬೇಕು. ವಿಲ್ಸನ್ ನಿಮಗೆ ನೆನಪು, ನಮಗೆ ಅವನು ಮೂರು ವಾರದ ಪರಿಚಯ.

ರೆಡ್ಮಂಡ್ ರಾಯರು

ಗೌಡ್ರೇ, ನಿಮ್ಮ ಮಾತು ಒಪ್ಪುತ್ತೇನೆ. ನೀವು ಕೂಗಿದ್ದು ಹುಡುಗನಿಗಾಗಿ. ನಾನು ಕೂಗಿದ್ದು ಅವನ ವಿರುದ್ಧ. ಎರಡೂ ಒಂದೇ ಅಲ್ಲ.

ಬೀಸ್ಟ್ ಮೋಡ್ ಬಸಣ್ಣ

ಎಲ್ಲ ಸರಿ. ಆ ಒಂದು ಯಾರ್ಡ್ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲವಲ್ಲ? 2015ರ ಫೆಬ್ರವರಿ 1. ನಮ್ಮ ದೊಡ್ಡ ಓಟಗಾರ ಮಾರ್ಷಾನ್ ಲಿಂಚ್ ಪಕ್ಕದಲ್ಲಿ ನಿಂತಿದ್ದಾನೆ. ಒಂದು ಯಾರ್ಡ್ ದೂಡಿದರೆ ಎರಡನೇ ಸೂಪರ್ ಬೌಲ್. ಇವನು ಪಾಸ್ ಎಸೆದ. ಎದುರಾಳಿ ಮಾಲ್ಕಂ ಬಟ್ಲರ್ ಕೈಗೆ ಹೋಯಿತು. 28–24 ಸೋಲು. ನನ್ನ ಪಾಲಿಗೆ ವಿಲ್ಸನ್ ಕಥೆ ಅಲ್ಲಿಗೆ ಮುಗಿಯಿತು.

ಚೆಂಡು ಲೆಕ್ಕ

ಬಸಣ್ಣ, ಪಾಸ್ ಹಾಕು ಅಂದದ್ದು ಕೋಚ್‌ಗಳಾದ ಪೀಟ್ ಕ್ಯಾರಲ್ ಮತ್ತು ಡ್ಯಾರೆಲ್ ಬೆವೆಲ್. 26 ಸೆಕೆಂಡ್, ಒಂದೇ ಟೈಮ್‌ಔಟ್. ಯಾರೂ ಹಿಡಿಯದ ಪಾಸ್ ಗಡಿಯಾರ ನಿಲ್ಲಿಸುತ್ತದೆ, ಹಾಗಾಗಿ ಮೂರು ಡೌನ್ ಬಳಸಬೇಕು ಅಂದರೆ ಒಂದಾದರೂ ಪಾಸ್ ಇರಲೇಬೇಕು. ಕಾಗದದ ಮೇಲೆ ಅದು ಹುಚ್ಚು ನಿರ್ಧಾರ ಅಲ್ಲ.

ಬೀಸ್ಟ್ ಮೋಡ್ ಬಸಣ್ಣ

ಕಾಗದದ ಮೇಲೆ ಆಟ ಆಡುವುದಿಲ್ಲ ಗುರು. 2011ರಲ್ಲಿ ಲಿಂಚ್ ಓಡಿದಾಗ ಸಿಯಾಟಲ್‌ನ ಭೂಕಂಪ ಅಳೆಯುವ ಯಂತ್ರವೇ ಅಲ್ಲಾಡಿತ್ತು. ಅಂಥವನು ಪಕ್ಕದಲ್ಲಿದ್ದಾಗ ಕಾಗದ ಯಾಕೆ?

ಮಳೆಯೂರು ಸುಮಾ

ಆ ರಾತ್ರಿ ನಮ್ಮ ಬೆಲ್‌ವ್ಯೂ ಅಪಾರ್ಟ್‌ಮೆಂಟಿನಲ್ಲಿ 14 ಜನ ಇದ್ದೆವು. ಅಡುಗೆಮನೆಯಿಂದ ಟೀವಿ ಕಾಣುತ್ತಿತ್ತು. ನಮ್ಮ ರಿಸೀವರ್ ಕರ್ಸ್ ಚೆಂಡನ್ನು ಬಿದ್ದುಕೊಂಡೇ ಹಿಡಿದಾಗ ಎಲ್ಲರೂ ಎದ್ದು ನಿಂತರು. ಮುಂದಿನ ಸಲ ಲಿಂಚ್ ಒಂದು ಯಾರ್ಡ್ ಹತ್ತಿರಕ್ಕೆ ತಂದ. ನಾನು ಬಿಸಿಬೇಳೆಬಾತ್ ಬಡಿಸುತ್ತಾ ಇದ್ದೆ. ಬಟ್ಲರ್ ಹಾರಿದ. ಸೌಟು ತಟ್ಟೆಯ ಮೇಲೆ ಹಾಗೇ ನಿಂತಿತು. ತುಪ್ಪ ತಟ್ಟೆಯ ಅಂಚಿನಿಂದ ಇಳಿದು ನನ್ನ ಮಣಿಕಟ್ಟಿನ ಮೇಲೆ ಹರಿಯುತ್ತಿತ್ತು, ಒರೆಸಿಕೊಳ್ಳಬೇಕು ಅನ್ನುವುದೂ ಹೊಳೆಯಲಿಲ್ಲ. ಯಾರೂ ಊಟ ಮಾಡಲಿಲ್ಲ. ಎಲ್ಲರೂ ಡಬ್ಬಿಗೆ ಹಾಕಿಸಿಕೊಂಡು ಹೋದರು.

ಆದರೆ ಬಸಣ್ಣ, ಅದಕ್ಕೆ ಎರಡು ವಾರ ಹಿಂದೆ ಏನಾಯಿತು ನೆನಪಿಸಿಕೊಳ್ಳಿ. ಗ್ರೀನ್ ಬೇ ಮೇಲೆ ಅರ್ಧ ಆಟಕ್ಕೆ 16–0 ಹಿಂದೆ. ಓವರ್‌ಟೈಮಿಗೆ ಮುಂಚೆ ವಿಲ್ಸನ್ ಒಟ್ಟು ನಾಲ್ಕು ಇಂಟರ್‌ಸೆಪ್ಷನ್ ಎಸೆದಿದ್ದ. ಬೇರೆಯವನಾಗಿದ್ದರೆ ಕೈ ನಡುಗುತ್ತಿತ್ತು. ಇವನು ಓವರ್‌ಟೈಮಲ್ಲಿ ಕರ್ಸ್‌ಗೆ 35 ಯಾರ್ಡ್ ಎಸೆದು 28–22 ಗೆಲ್ಲಿಸಿದ. ನಾಲ್ಕು ಸಲ ತಪ್ಪಿದವನು ಐದನೇ ಸಲ ಅದೇ ಧೈರ್ಯದಲ್ಲಿ ಎಸೆಯುತ್ತಾನಲ್ಲ, ನನಗೆ ವಿಲ್ಸನ್ ಅಂದರೆ ಅದು. ಆ ಧೈರ್ಯ ಇಲ್ಲದಿದ್ದರೆ ನೀವು ಹೇಳುವ ಆ ಒಂದು ಯಾರ್ಡ್‌ವರೆಗೆ ನಾವು ಹೋಗುತ್ತಲೇ ಇರಲಿಲ್ಲ.

ಬೀಸ್ಟ್ ಮೋಡ್ ಬಸಣ್ಣ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಅಕ್ಕ. ಗ್ರೀನ್ ಬೇ ಮ್ಯಾಚ್ ಮರೆತೇಬಿಟ್ಟಿದ್ದೆ.

ಕಾವೇರಿ ತೀರ

ಸುಮ್ನೆ ಒಂದು ಸೇರಿಸುತ್ತೇನೆ. 2014ರ ಸೂಪರ್ ಬೌಲ್‌ನ ಎಂವಿಪಿ ವಿಲ್ಸನ್ ಅಲ್ವಾ? ಅದೂ ಲೆಕ್ಕಕ್ಕೆ ಬರಬೇಕು.

ಚೆಂಡು ಲೆಕ್ಕ

ಅಲ್ಲ. ಲೈನ್‌ಬ್ಯಾಕರ್ ಮಾಲ್ಕಂ ಸ್ಮಿತ್. ಡಿಫೆನ್ಸ್ ಪಾರ್ಟಿಯವರಿಗೆ ಸಿಗುವ ದೊಡ್ಡ ಸಾಕ್ಷಿ ಅದೇ. 2012ರಿಂದ 2015ರವರೆಗೆ ನಾಲ್ಕು ವರ್ಷ ಸತತವಾಗಿ ಲೀಗ್‌ನಲ್ಲಿ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟ ಡಿಫೆನ್ಸ್ ನಮ್ಮದು. ಶರ್ಮನ್, ಅರ್ಲ್ ಥಾಮಸ್, ಕ್ಯಾಮ್ ಚಾನ್ಸಲರ್ ಇದ್ದ ಕಾಲ. ಆದರೆ ಅವತ್ತು ವಿಲ್ಸನ್ 25ರಲ್ಲಿ 18 ಪಾಸ್ ಮುಟ್ಟಿಸಿದ, 2 ಟಚ್‌ಡೌನ್, ಇಂಟರ್‌ಸೆಪ್ಷನ್ ಇಲ್ಲ. ಅವನು ಎಡವಿದ್ದು ಎಲ್ಲೂ ಇಲ್ಲ.

ಹನ್ನೆರಡನೆಯವಳು

ಡಿಫೆನ್ಸ್ ಹೋದಮೇಲೆ ಏನಾಯಿತು ಅನ್ನುವುದನ್ನೂ ಹೇಳಿ. 2020ರಲ್ಲಿ 40 ಟಚ್‌ಡೌನ್ ಪಾಸ್, 12–4. ಶರ್ಮನ್ ಇರಲಿಲ್ಲ, ಥಾಮಸ್ ಇರಲಿಲ್ಲ, ಲಿಂಚ್ ಇರಲಿಲ್ಲ.

2019ರ ಅಕ್ಟೋಬರ್‌ನ ರ‍್ಯಾಮ್ಸ್ ಮ್ಯಾಚಿಗೆ ನಾನು ಹೋಗಿದ್ದೆ, ಎಂಡ್‌ಝೋನ್ ಹಿಂದಿನ ಸೀಟು. ವಿಲ್ಸನ್ ಎಡಕ್ಕೆ ಓಡಿದ. ಇನ್ನೇನು ಗೆರೆ ದಾಟಿ ಹೊರಗೆ ಹೋದ ಅಂದುಕೊಂಡೆ. ಓಡುತ್ತಲೇ ಎಸೆದ. ಚೆಂಡು ನೇರವಾಗಿ ನಮ್ಮ ಕಡೆಗೇ ಬರುತ್ತಿದೆ, ಸೀಟಿಗೇ ಬೀಳುತ್ತದೆ ಅನ್ನಿಸಿತು. ಟೈಲರ್ ಲಾಕೆಟ್ ಹಿಂದಿನ ಮೂಲೆಯಲ್ಲಿ ಮೈ ಪೂರ್ತಿ ಚಾಚಿ ಹಿಡಿದ. ಎರಡೂ ಕಾಲಿನ ಬೆರಳತುದಿ ಮಾತ್ರ ಒಳಗೆ. ಮೈದಾನದ ಮೇಲೆ ಷೂ ತುದಿ ಎಳೆದದ್ದು ನನಗೆ ಕಂಡಿತು. 30–29 ಗೆದ್ದೆವು. ಆ ಚೆಂಡನ್ನು ಒಬ್ಬನೇ ಒಬ್ಬ ಹಿಡಿಯುವ ಜಾಗಕ್ಕೆ ಎಸೆದಿದ್ದ. ಇದನ್ನು ಯಾವ ಡಿಫೆನ್ಸ್ ಮಾಡಿಕೊಟ್ಟಿತು?

ದಾವಣಗೆರೆ ಟು ಡೆನ್ವರ್

ನಮಗೂ ಅದನ್ನೇ ತೋರಿಸಿ ಮಾರಿದ್ದು.

ಇರಲಿ. ಕೋಪ ಇದೆ, ಆದರೆ ಸುಳ್ಳು ಹೇಳುವುದಿಲ್ಲ. ಎರಡನೇ ವರ್ಷ 26 ಟಚ್‌ಡೌನ್, 8 ಇಂಟರ್‌ಸೆಪ್ಷನ್. ಅದು ಕೆಟ್ಟ ಕ್ವಾರ್ಟರ್‌ಬ್ಯಾಕ್ ಲೆಕ್ಕ ಅಲ್ಲ. ಆ ವರ್ಷ ಮಯಾಮಿ ನಮಗೆ 70–20 ಹೊಡೆದದ್ದು ಡಿಫೆನ್ಸಿನ ತಪ್ಪು. ಹಣದ ಸಿಟ್ಟನ್ನು ನಾನು ಆಟದ ಮೇಲೆ ಹಾಕಿದ್ದೇನೆ ಅನ್ನಿಸುತ್ತದೆ.

ಕಾವೇರಿ ತೀರ

ಹಾಗಾದರೆ ಹಾಲ್ ಆಫ್ ಫೇಮ್ (ದಿಗ್ಗಜರ ಗೌರವ ಪಟ್ಟಿ)? ಹೌದೋ ಅಲ್ವೋ?

ಹುಬ್ಬಳ್ಳಿ ಮಂದಿ

ಹೌದು. ಹತ್ತು ಪ್ರೊ ಬೌಲ್ (ಆಲ್‌ಸ್ಟಾರ್ ಆಯ್ಕೆ), ಒಂದು ಸೂಪರ್ ಬೌಲ್ ಉಂಗುರ, ಸಿಯಾಟಲ್‌ನಲ್ಲೇ 104 ಗೆಲುವು.

ಜರ್ಸಿ ಸಿಟಿ ಗೌಡ

ನಮ್ಮ ಈಲೈ ಮ್ಯಾನಿಂಗ್‌ಗೆ ಎರಡು ಸೂಪರ್ ಬೌಲ್, ಎರಡರಲ್ಲೂ ಎಂವಿಪಿ. ಈ ವರ್ಷ ಮೊದಲ ಪ್ರಯತ್ನದಲ್ಲಿ ಅವನನ್ನೇ ಒಳಗೆ ಬಿಡಲಿಲ್ಲ. ವಿಲ್ಸನ್ ಸಾಲಿನಲ್ಲಿ ಹಿಂದೆ ನಿಲ್ಲಬೇಕು.

ಹನ್ನೆರಡನೆಯವಳು

ಈಲೈ ಗೆದ್ದದ್ದು 117, ಸೋತದ್ದು 117. ವಿಲ್ಸನ್ ಸಿಯಾಟಲ್‌ನಲ್ಲಿ 104 ಗೆದ್ದು 53 ಸೋತ. ಸಾಲು ಯಾರು ನಿಲ್ಲಿಸಿದರು ಗೌಡ್ರೇ?

ಚೆಂಡು ಲೆಕ್ಕ

ಡೆನ್ವರ್‌ಗೆ ಹೋಗದೆ 2021ಕ್ಕೇ ನಿವೃತ್ತಿ ಆಗಿದ್ದರೆ ಚರ್ಚೆಯೇ ಇರುತ್ತಿರಲಿಲ್ಲ. ಆಮೇಲಿನ ನಾಲ್ಕು ವರ್ಷ ಹಿಂದಿನ ಹತ್ತನ್ನು ಅಳಿಸಬಾರದು. ನನ್ನ ಓಟು ಹೌದು, ಆದರೆ ಸ್ವಲ್ಪ ಕಾಯಿಸುತ್ತಾರೆ.

ಮಳೆಯೂರು ಸುಮಾ

ಒಂದು ಮಾತು ಬಿಟ್ಟುಹೋಗಿದೆ. ಇಲ್ಲಿದ್ದಾಗ ಅವನು ಮಂಗಳವಾರ ಮಕ್ಕಳ ಆಸ್ಪತ್ರೆಗೆ ಹೋಗುತ್ತಿದ್ದ. ಸೋತ ವಾರವೂ ಹೋಗುತ್ತಿದ್ದ. 2020ರ ವಾಲ್ಟರ್ ಪೇಟನ್ ಪ್ರಶಸ್ತಿ ಅವನಿಗೆ ಬಂದದ್ದು ಇಂಥದ್ದಕ್ಕೇ. ಇವತ್ತೂ ಮಂಗಳವಾರ.

ರೆಡ್ಮಂಡ್ ರಾಯರು

ಎಲ್ಲರ ಉತ್ತರ ಮಗನಿಗೆ ಓದಿ ಹೇಳಿದೆ. ಅವನಿಗೀಗ ಹದಿನೈದು. ಕನ್ನಡ ಓದಲು ಬರುವುದಿಲ್ಲ, ಕೇಳಿದರೆ ಅರ್ಥ ಆಗುತ್ತದೆ. ಸುಮಾ ಅವರ ಗ್ರೀನ್ ಬೇ ಮಾತಿಗೆ ತಲೆ ಆಡಿಸಿದ. ಆಮೇಲೆ ತನ್ನ ರೂಮಿಗೆ ಹೋಗಿ ಒಂದು ಪೆಟ್ಟಿಗೆ ತಂದ. ಆ 3ನೇ ನಂಬರಿನ ಜರ್ಸಿ ನಾನು 2022ರಲ್ಲಿ ದಾನಕ್ಕೆ ಅಂತ ಚೀಲಕ್ಕೆ ಹಾಕಿದ್ದೆ. ಅವನು ಅವತ್ತೇ ತೆಗೆದಿಟ್ಟುಕೊಂಡಿದ್ದಾನೆ. ನನಗೆ ಹೇಳಿರಲಿಲ್ಲ. ಕಾಲರಿನ ಹತ್ತಿರ ಹಳೇ ಚಾಕೊಲೇಟ್ ಕಲೆ ಹಾಗೇ ಇದೆ.

ಅವತ್ತು ಅವನು ಕೈ ಹಿಡಿದು ಎಳೆದಾಗ ನಾನು ಕೂತುಬಿಡಬೇಕಿತ್ತು. ಅದನ್ನು ಅವನಿಗೆ ಈಗ ಹೇಳಿದೆ.

ಬೀಸ್ಟ್ ಮೋಡ್ ಬಸಣ್ಣ

ರಾಯರೇ, ಗುರುವಾರ ನಮ್ಮ ಮ್ಯಾಚ್ ಎಲ್ಲಿ ಅಂತ ನೋಡಿದಿರಾ? ಅರಿಜೋನಾದ ಗ್ಲೆಂಡೇಲ್. ಬಟ್ಲರ್ ಆ ಚೆಂಡು ಹಿಡಿದ ಅದೇ ಸ್ಟೇಡಿಯಂ. ಹೆಸರು ಮಾತ್ರ ಬದಲಾಗಿದೆ.

ರೆಡ್ಮಂಡ್ ರಾಯರು

ಗೊತ್ತು. ಅದಕ್ಕೇ ಎಲ್ಲರೂ ನಮ್ಮ ಮನೆಗೆ ಬನ್ನಿ. 5:15ಕ್ಕೆ ಶುರು, ಐದಕ್ಕೇ ಬಂದುಬಿಡಿ.

ಮಳೆಯೂರು ಸುಮಾ

ಬಿಸಿಬೇಳೆಬಾತ್ ನಾನು ತರುತ್ತೇನೆ. ಈ ಸಲ ಆಟಕ್ಕೆ ಮುಂಚೆಯೇ ಊಟ ಮುಗಿಸೋಣ.